ಹೊಸ್ತಿಲ ಮೇಲಿನ ಪೆಟ್ಟಿಗೆ



ಈ ಉಪನ್ಯಾಸದ ದತ್ತಿಯನ್ನಿಟ್ಟ ಹಿರಿಯರು ಕೃಷ್ಣರಾಜಪುರದ ಪಕ್ಕದ ದೂರವಾಣಿ ನಗರದ ಕಾರ್ಖಾನೆಯಲ್ಲಿ ಟೆಲಿಫೋನು ಜೋಡಿಸುತ್ತಿದ್ದವರು. ಉಪನ್ಯಾಸದಲ್ಲಿ ಹೇಳಿದ್ದು ಮರುದಿನ ಬೆಳಿಗ್ಗೆ ಮನೆಯಲ್ಲಿ ಉಪಯೋಗಕ್ಕೆ ಬರಬೇಕು ಎಂಬುದು ಅವರು ಹಾಕಿದ ಒಂದೇ ಷರತ್ತು. ಅದನ್ನು ಓದಿದ ಕೂಡಲೇ ವಿಷಯ ಯಾವುದೆಂದು ನನಗೆ ನಿಶ್ಚಯವಾಯಿತು. ಇಪ್ಪತ್ತಾರು ವರ್ಷ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ನೆಟ್‌ವರ್ಕ್ ಪಾಠ ಹೇಳಿದವನು ನಾನು. ತರಗತಿಯಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯನ್ನು ಮದುವೆಮನೆಯಲ್ಲಿ, ಔಷಧಿ ಅಂಗಡಿಯ ಮುಂದೆ, ಮೆಟ್ರೋದಲ್ಲಿ ಜನ ನನ್ನನ್ನು ನಿಲ್ಲಿಸಿ ಕೇಳುತ್ತಾರೆ: "ಸಾರ್, ಕಂಪ್ಯೂಟರಿಗೆ ವೈರಸ್ ಬಂದಿತ್ತು, ತೆಗೆಸಿದ್ವಿ. ಆವತ್ತಿಂದ ನೆಟ್ ಒಂದ್ಸಲ ಬರುತ್ತೆ, ಒಂದ್ಸಲ ಹೋಗುತ್ತೆ. ಏನ್ ಮಾಡೋದು?" ಇವತ್ತು ಆ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಹೇಳುತ್ತೇನೆ.

ನಾವು ಕೂತಿರುವ ಹಲಸೂರು ಸೇರಿದ ಈ ಪೂರ್ವ ಬೆಂಗಳೂರಿಗೂ ತಂತಿಗೂ ಹಳೆಯ ನಂಟು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದೂರವಾಣಿ ನಗರದಲ್ಲಿ ಐಟಿಐ ಎಂಬ ಟೆಲಿಫೋನ್ ಕಾರ್ಖಾನೆ ಶುರುವಾಯಿತು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ದಿಮೆ ಅದು. ದೇಶದ ಲಕ್ಷಾಂತರ ಮನೆಗಳಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿದ್ದ ಆ ಭಾರದ ಕಪ್ಪು ಫೋನು ನಮ್ಮೂರಿನ ಕೈಕೆಲಸ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಗೆ ಬಂದು, ಅಮೆರಿಕದ ಜೊತೆ ಮಾತಾಡಲು ತನ್ನದೇ ಉಪಗ್ರಹ ಸಂಪರ್ಕ ಹಾಕಿಸಿಕೊಂಡಿತು. ಅದರ ಆಂಟೆನಾವನ್ನು ಎತ್ತಿನಗಾಡಿಯಲ್ಲಿ ಸಾಗಿಸಿದ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಬಿಎಸ್‌ಎನ್‌ಎಲ್‌ನ ಕರ್ನಾಟಕ ವೃತ್ತದ ಕಚೇರಿ ಇರುವುದೂ ಇದೇ ಹಲಸೂರಿನ ಸ್ವಾಮಿ ವಿವೇಕಾನಂದ ರಸ್ತೆಯಲ್ಲಿ.

ಆ ಕಪ್ಪು ಫೋನಿಗೆ ಪಾಸ್‌ವರ್ಡ್ ಇರಲಿಲ್ಲ. ಅದಕ್ಕೆ ರೋಗ ತಗಲುತ್ತಿರಲಿಲ್ಲ. ಫೋನು ಸತ್ತರೆ ಲೈನ್‌ಮನ್ ಬಂದು, ಕಂಬದ ಹತ್ತಿರ ಒಮ್ಮೆ, ಮನೆಯೊಳಗೆ ಒಮ್ಮೆ ತನ್ನ ಉಪಕರಣ ಸಿಕ್ಕಿಸಿ ಕಿವಿಗಿಟ್ಟುಕೊಂಡು ಕೇಳುತ್ತಿದ್ದ. ಕಂಬದಲ್ಲಿ ಸದ್ದಿದ್ದು ಮನೆಯೊಳಗಿಲ್ಲದಿದ್ದರೆ ದೋಷ ಒಳಗೆ; ಕಂಬದಲ್ಲೇ ಇಲ್ಲದಿದ್ದರೆ ಹೊರಗೆ. ಇಷ್ಟೇ ಪರೀಕ್ಷೆ. ಇಂದಿನ ಇಂಟರ್ನೆಟ್ಟಿಗೂ ಮಾಡಬೇಕಾದ್ದು ಇದನ್ನೇ. ಆದರೆ ಒಳಗು ಹೊರಗುಗಳ ನಡುವೆ, ಹೊಸ್ತಿಲ ಮೇಲೆ, ಈಗೊಂದು ಪೆಟ್ಟಿಗೆ ಬಂದು ಕೂತಿದೆ. ಕೆಲವರು ಅದನ್ನು ಮೋಡೆಮ್ ಎನ್ನುತ್ತಾರೆ, ಕೆಲವರು ರೂಟರ್, ಹೆಚ್ಚಿನವರು ವೈಫೈ ಬಾಕ್ಸ್. ಟಿ.ವಿ.ಯ ಹಿಂದೆ ಅಥವಾ ಶೂ ಸ್ಟ್ಯಾಂಡಿನ ಮೇಲೆ ಮಿಣಮಿಣ ಎನ್ನುತ್ತಿರುತ್ತದೆ. ಅದೂ ಒಂದು ಪೂರಾ ಕಂಪ್ಯೂಟರು. ಅದಕ್ಕೆ ಪ್ರೊಸೆಸರ್ ಇದೆ, ಮೆಮೊರಿ ಇದೆ, ಹೆಚ್ಚಿನವುಗಳಲ್ಲಿ ಲಿನಕ್ಸ್ ಇದೆ. ಹಗಲು ರಾತ್ರಿ ಬೀದಿಗೆ ಮುಖ ಮಾಡಿ ಎಚ್ಚರವಿರುವ ಆ ಕಂಪ್ಯೂಟರಿಗೆ ಮನೆಯಲ್ಲಿ ಯಾರೂ ಒಡೆಯರಿಲ್ಲ.

ಒಡೆಯರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಒಮ್ಮೆ ಚೆನ್ನಾಗಿ ನೋಡಿದೆ. 2017ರ ಜುಲೈ ಕೊನೆಯ ವಾರ. ರಾಜ್ಯದ ಹಲವೆಡೆ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳು ಇದ್ದಕ್ಕಿದ್ದಂತೆ ಕೈಕೊಟ್ಟವು. ಪವರ್ ದೀಪ ಉರಿಯುತ್ತಿತ್ತು, ಲ್ಯಾಂಡ್‌ಲೈನಿನಲ್ಲಿ ಡಯಲ್ ಟೋನ್ ಇತ್ತು, ಇಂಟರ್ನೆಟ್ ಮಾತ್ರ ಇರಲಿಲ್ಲ. ಮಳೆಗಾಲ ಬೇರೆ, ಜನ ಮೊದಲು ಮಳೆಯನ್ನು ದೂರಿದರು, ಆಮೇಲೆ ರಸ್ತೆ ಅಗೆದವರನ್ನು ದೂರಿದರು. ನಿಜವಾದ ಕಾರಣ ಒಂದು ಕುತಂತ್ರಾಂಶ. ಪೆಟ್ಟಿಗೆಯ ಆಡಳಿತದ ಪುಟಕ್ಕೆ ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ "ಅಡ್ಮಿನ್" ಎಂಬುದಾಗಿತ್ತು. ಅದನ್ನು ಬದಲಿಸದ ಮೋಡೆಮ್‌ಗಳೇ ಬಲಿಯಾದವು. ಪತ್ರಿಕೆಗಳಲ್ಲಿ ಮೊದಲು ಎರಡು ಸಾವಿರ ಮೋಡೆಮ್ ಎಂದು ಬಂದದ್ದು ನಂತರದ ವರದಿಗಳಲ್ಲಿ 60,000 ಆಯಿತು. ದಿಲ್ಲಿ, ಮುಂಬಯಿಯ ಎಂಟಿಎನ್‌ಎಲ್‌ಗೂ ಅದೇ ಪೆಟ್ಟು ಬಿತ್ತು. ಬಿಎಸ್‌ಎನ್‌ಎಲ್‌ನ ಅಂದಿನ ಅಧ್ಯಕ್ಷ ಅನುಪಮ್ ಶ್ರೀವಾಸ್ತವ ಅವರು ಗ್ರಾಹಕರೆಲ್ಲ ಪಾಸ್‌ವರ್ಡ್ ಬದಲಿಸಬೇಕೆಂದು ಪತ್ರಿಕೆಗಳ ಮೂಲಕ ಕೇಳಿಕೊಂಡರು.

ಅದರ ಹಿಂದಿದ್ದದ್ದು ಬ್ರಿಕರ್‌ಬಾಟ್ ಎಂದು ಆಮೇಲೆ ತಿಳಿಯಿತು. ಆ ವರ್ಷದ ಮಾರ್ಚಿನಲ್ಲಿ ರ‍್ಯಾಡ್‌ವೇರ್ ಎಂಬ ಭದ್ರತಾ ಸಂಸ್ಥೆ ಅದನ್ನು ಮೊದಲು ಗುರುತಿಸಿತ್ತು. ಹೆಸರೇ ಹೇಳುವಂತೆ, ಹೊಕ್ಕ ಯಂತ್ರವನ್ನು ಇಟ್ಟಿಗೆಯ ಹಾಗೆ ನಿಷ್ಪ್ರಯೋಜಕ ಮಾಡುವುದೇ ಅದರ ಕೆಲಸ. ಒಳಗೆ ಬಂದು, ಮೋಡೆಮಿನ ತಂತ್ರಾಂಶ ಇರುವ ಜಾಗದ ಮೇಲೆ ಅರ್ಥವಿಲ್ಲದ ಅಕ್ಷರ ಬರೆದು, ಹೊರಗೆ ಹೋಗುವ ದಾರಿಯನ್ನು ಅಳಿಸಿಹಾಕುತ್ತದೆ. ಅದನ್ನು ಬರೆದಾತ ತನ್ನನ್ನು ಜಾಡಮಾಲಿ ಎಂಬರ್ಥದ ಹೆಸರಿನಿಂದ ಕರೆದುಕೊಂಡ, ಭಾರತದ ದಾಳಿಯ ಹೊಣೆಯನ್ನೂ ಹೊತ್ತ. ಅವನ ವಾದ ಇದು: ಬೀಗ ಹಾಕದ ಇಂಥ ಪೆಟ್ಟಿಗೆಗಳನ್ನು ಕಳ್ಳರು ಹಿಡಿದು ಲೋಕಕ್ಕೆ ಹಾನಿ ಮಾಡುತ್ತಾರೆ, ಅವರಿಗೆ ಸಿಗುವ ಮೊದಲೇ ನಾನು ಅವುಗಳನ್ನು ಕೊಲ್ಲುತ್ತೇನೆ. ಅದನ್ನು ಅವನು ಇಂಟರ್ನೆಟ್ಟಿಗೆ ಕೊಡುವ ಕೀಮೋಥೆರಪಿ ಎಂದು ಕರೆದ. ನಾನು ಈ ವಾದವನ್ನು ಒಪ್ಪುವುದಿಲ್ಲ. ಬೀಗ ಹಾಕದ ಮನೆಗೆ ಬುದ್ಧಿ ಕಲಿಸಲು ಮನೆಗೇ ಬೆಂಕಿ ಇಡುವುದು ನ್ಯಾಯವಲ್ಲ. ಆದರೆ ಅವನು ತೋರಿಸಿದ ದೋಷ ದಿಟವಾಗಿತ್ತು ಎಂಬುದನ್ನು ಅಲ್ಲಗಳೆಯಲಾರೆ. ಮೋಡೆಮ್‌ಗಳನ್ನು ಕಂಪನಿಯವರು ದೂರದಿಂದ ನಿರ್ವಹಿಸಲು 7547 ಎಂಬ ಸಂಖ್ಯೆಯ ಒಂದು ಬಾಗಿಲಿದೆ. ಕಂಪನಿಗೆ ಮಾತ್ರ ತೆರೆದಿರಬೇಕಾದ ಅದು ಊರಿಗೆಲ್ಲ ತೆರೆದಿತ್ತೆಂದು ಆಗಿನ ವಿಶ್ಲೇಷಣೆಗಳು ಹೇಳಿದವು. ಅದಕ್ಕೂ ಎಂಟು ತಿಂಗಳು ಹಿಂದೆ, 2016ರ ನವೆಂಬರಿನಲ್ಲಿ, ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಒಂಬತ್ತು ಲಕ್ಷ ರೂಟರ್‌ಗಳು ಇದೇ ಬಾಗಿಲಿನಲ್ಲಿ ಬಂದ ದಾಳಿಯಿಂದ ಕೆಟ್ಟಿದ್ದವು. ಆ ಸುದ್ದಿ ಜಗತ್ತಿಗೆಲ್ಲ ಗೊತ್ತಿತ್ತು. ನಾವು ಎಚ್ಚರಾಗಲಿಲ್ಲ.

ಬ್ರಿಕರ್‌ಬಾಟ್ ಕೊಂದೇ ಹೋಗುತ್ತಿತ್ತು, ಹಾಗಾಗಿ ಸಿಕ್ಕಿಬಿತ್ತು. ಮನೆಗಳಿಗೆ ಹೆಚ್ಚು ಕಾಟ ಕೊಡುವುದು ಕೊಲ್ಲದೆ ಒಳಗೇ ಕೂರುವ ಜಾತಿ. ಅದನ್ನು ನಾನು ಹತ್ತಿರದಿಂದ ಕಂಡದ್ದು ಇದೇ ಹಲಸೂರಿನ ಒಂದು ಮನೆಯಲ್ಲಿ, ಸೋಮೇಶ್ವರ ದೇವಸ್ಥಾನದ ಹಿಂದಿನ ಬೀದಿಯೊಂದರಲ್ಲಿ. ಮನೆಯೊಡತಿ ನಿವೃತ್ತ ಕನ್ನಡ ಶಿಕ್ಷಕಿ. ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳ ಎಂಟು ಮಕ್ಕಳಿಗೆ ವಿಡಿಯೋದಲ್ಲಿ ಕನ್ನಡ ಕಲಿಸುತ್ತಾರೆ. ಅಲ್ಲಿ ಆಗ ಶುಕ್ರವಾರ ಸಂಜೆ. ಪಿಯುಸಿ ಓದುವ ಮೊಮ್ಮಗ ಬಿಟ್ಟಿ ಸಿಕ್ಕಿತೆಂದು ಒಂದು ಆಟವನ್ನು ಇಳಿಸಿಕೊಂಡಿದ್ದ, ಅದರ ಬೆನ್ನಿಗೆ ಕುತಂತ್ರಾಂಶವೂ ಬಂತು. ರಿಪೇರಿ ಅಂಗಡಿಯವರು ಆಂಟಿವೈರಸ್ ಹಾಕಿ ತೆಗೆದುಕೊಟ್ಟರು. ಆಮೇಲೆ ಶುರುವಾಯಿತು ನೆಟ್ಟಿನ ಕಣ್ಣಾಮುಚ್ಚಾಲೆ. ಪಾಠದ ನಡುವೆ ಮಕ್ಕಳ ಮುಖಗಳು ನಿಂತುಬಿಡುತ್ತಿದ್ದವು. ಕಂಪನಿಗೆ ದೂರು ಕೊಟ್ಟರೆ ಹುಡುಗ ಬಂದು, ಪೆಟ್ಟಿಗೆಯ ದೀಪ ನೋಡಿ, "ಲೈನ್ ಸರಿ ಇದೆ ಮೇಡಂ, ನಿಮ್ ಕಂಪ್ಯೂಟರಲ್ಲೇ ಪ್ರಾಬ್ಲಂ" ಎಂದ. ಅಂಗಡಿಗೆ ಒಯ್ದರೆ "ಕಂಪ್ಯೂಟರಲ್ಲಿ ಏನೂ ಇಲ್ಲ, ಬೇಕಾದ್ರೆ ಫಾರ್ಮ್ಯಾಟ್ ಮಾಡೋಣ" ಎಂದರು. ಫಾರ್ಮ್ಯಾಟೂ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಕಂಪ್ಯೂಟರಿನಲ್ಲಿದ್ದ ಹಳೆಯ ಫೋಟೋಗಳೆಲ್ಲ ಹೋದವು, ರೋಗ ಹೋಗಲಿಲ್ಲ.

ನಾನು ಹೋದಾಗ ಶಿಕ್ಷಕಿ ಒಂದು ಮಾತು ಹೇಳಿದರು. ಅದು ನನಗೆ ಅರ್ಧ ಕೆಲಸ ಮುಗಿಸಿಕೊಟ್ಟಿತು. "ಸಾರ್, ನನ್ನ ಮೊಬೈಲಲ್ಲೂ ಹಾಗೇ ಆಗುತ್ತೆ. ಪಂಚಾಂಗ ನೋಡೋಣ ಅಂತ ತೆಗೆದ್ರೆ ಲಾಟರಿ ಜಾಹೀರಾತು ಬರುತ್ತೆ. ಮನೆಯಿಂದ ಆಚೆ ಹೋದ್ರೆ ಸರಿಯಾಗಿರುತ್ತೆ." ಇದಕ್ಕಿಂತ ಸೊಗಸಾದ ಪರೀಕ್ಷೆ ಯಾವ ಎಂಜಿನಿಯರೂ ಮಾಡಲಾರ. ಮೊಬೈಲಿಗೆ ವೈರಸ್ ಬಂದಿಲ್ಲ, ಆದರೂ ಮನೆಯ ವೈಫೈಯಲ್ಲಿ ಅದಕ್ಕೂ ಅದೇ ಕಾಟ. ಸಿಮ್ಮಿನ ಡೇಟಾದಲ್ಲಿ ಕಾಟವಿಲ್ಲ. ಎಂದ ಮೇಲೆ ದೋಷ ಕಂಪ್ಯೂಟರಿನಲ್ಲಿಲ್ಲ. ಎಲ್ಲ ಯಂತ್ರಗಳೂ ಹಾದುಹೋಗುವ ಹೊಸ್ತಿಲಲ್ಲೇ ಇದೆ.

ಪೆಟ್ಟಿಗೆಯ ಆಡಳಿತದ ಪುಟ ತೆರೆದೆವು. ಬ್ರೌಸರಿನಲ್ಲಿ 192.168.1.1 ಎಂದು ಹಾಕಿ, ಅಡ್ಮಿನ್ ಎಂಬ ಹೆಸರು, ಅಡ್ಮಿನ್ ಎಂಬುದೇ ಪಾಸ್‌ವರ್ಡು, ಬಾಗಿಲು ತೆರೆಯಿತು. ನಮಗೆ ತೆರೆದಷ್ಟೇ ಸುಲಭವಾಗಿ ಆ ಆಟದ ಜೊತೆ ಬಂದ ಕುತಂತ್ರಾಂಶಕ್ಕೂ ತೆರೆದಿತ್ತು. ಅದು ಒಳಗಿನಿಂದಲೇ ಹೋಗಿ ಒಂದೇ ಒಂದು ಸಾಲನ್ನು ಬದಲಿಸಿತ್ತು, ಡಿಎನ್‌ಎಸ್ ಎಂಬ ಸಾಲು.

ಡಿಎನ್‌ಎಸ್ ಏನೆಂದು ಟೆಲಿಫೋನ್ ಡೈರೆಕ್ಟರಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಇಂಟರ್ನೆಟ್ಟಿನಲ್ಲಿ ಯಂತ್ರಗಳು ಒಂದನ್ನೊಂದು ಕರೆಯುವುದು ಸಂಖ್ಯೆಯಿಂದ. ನಾವು ಬ್ಯಾಂಕಿನ ಹೆಸರು ಟೈಪ್ ಮಾಡಿದರೆ, ಪೆಟ್ಟಿಗೆ ಮೊದಲು ಒಂದು ಡೈರೆಕ್ಟರಿಯನ್ನು ಕೇಳುತ್ತದೆ: ಈ ಹೆಸರಿನವರ ನಂಬರು ಎಷ್ಟು? ಸಾಮಾನ್ಯವಾಗಿ ಕಂಪನಿಯ ಡೈರೆಕ್ಟರಿಯನ್ನೇ ಕೇಳುವುದು ವಾಡಿಕೆ. ಕುತಂತ್ರಾಂಶ ಆ ಜಾಗದಲ್ಲಿ ಕಳ್ಳರ ಡೈರೆಕ್ಟರಿಯ ವಿಳಾಸ ಬರೆದಿಟ್ಟಿತ್ತು. ಎರಡನೆಯ ಸಾಲಿನಲ್ಲಿ, ಅನುಮಾನ ಬಾರದಿರಲೆಂದು, ಗೂಗಲ್‌ನ ಸಾಚಾ ವಿಳಾಸ 8.8.8.8 ಇತ್ತು. ನೆಟ್ ಒಮ್ಮೆ ಬಂದು ಒಮ್ಮೆ ಹೋಗುವುದರ ಗುಟ್ಟು ಇಲ್ಲಿದೆ. ಕಳ್ಳರ ಯಂತ್ರ ಎಚ್ಚರವಿದ್ದಾಗ ಪುಟ ತೆರೆಯುತ್ತದೆ, ಜೊತೆಗೆ ಜಾಹೀರಾತು ಬರುತ್ತದೆ. ಅದು ನಿದ್ದೆಯಲ್ಲಿದ್ದಾಗ ಪೆಟ್ಟಿಗೆ ಕೆಲವು ಸೆಕೆಂಡು ಕಾದು, ಬೇಸತ್ತು, ಎರಡನೆಯದನ್ನು ಕೇಳುತ್ತದೆ. ಕಾಯುವ ತಾಳ್ಮೆ ಇರುವ ತಂತ್ರಾಂಶ ತಡವಾಗಿ ತೆರೆಯುತ್ತದೆ, ತಾಳ್ಮೆ ಇಲ್ಲದ್ದು "ಸಂಪರ್ಕವಿಲ್ಲ" ಎಂದು ಕೈಚೆಲ್ಲುತ್ತದೆ. ಲೈನ್ ಪರೀಕ್ಷಿಸಲು ಬಂದ ಹುಡುಗನಿಗೆ ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಅವನು ನೋಡಿದ ಲೈನು ನಿಜವಾಗಿಯೂ ಸರಿ ಇತ್ತು.

ಈ ವಿದ್ಯೆ ಹೊಸದಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ಎಫ್‌ಬಿಐ ಮತ್ತು ಎಸ್ಟೋನಿಯಾದ ಪೊಲೀಸರು ಡಿಎನ್‌ಎಸ್‌ಚೇಂಜರ್ ಎಂಬ ಜಾಲವನ್ನು ಹಿಡಿದಾಗ ನೂರಕ್ಕೂ ಹೆಚ್ಚು ದೇಶಗಳ ಸುಮಾರು ನಲವತ್ತು ಲಕ್ಷ ಕಂಪ್ಯೂಟರುಗಳು ಕಳ್ಳರ ಡೈರೆಕ್ಟರಿಯನ್ನೇ ನೋಡುತ್ತಿದ್ದವು. ಕಳ್ಳರ ಡೈರೆಕ್ಟರಿಯ ಯಂತ್ರಗಳನ್ನು ಒಮ್ಮೆಲೇ ನಿಲ್ಲಿಸಿದರೆ ಅಷ್ಟೂ ಜನರ ಇಂಟರ್ನೆಟ್ ಸಾಯುತ್ತಿತ್ತು. ಹಾಗಾಗಿ ನ್ಯಾಯಾಲಯದ ಅಪ್ಪಣೆ ಪಡೆದು ಅದೇ ವಿಳಾಸಗಳಲ್ಲಿ ಒಳ್ಳೆಯ ಯಂತ್ರಗಳನ್ನು ಕೂರಿಸಿ, ಜನ ಸರಿಪಡಿಸಿಕೊಳ್ಳಲಿ ಎಂದು 2012ರ ಜುಲೈ 9ರವರೆಗೆ ನಡೆಸಿದರು. ಪೊಲೀಸರು ಕಳ್ಳರ ಅಂಗಡಿಯನ್ನು ತಿಂಗಳುಗಟ್ಟಲೆ ಪ್ರಾಮಾಣಿಕವಾಗಿ ನಡೆಸಿದ ಅಪರೂಪದ ಪ್ರಸಂಗ ಅದು. ರೋಗ ಹೋದರೂ ರೋಗ ಬದಲಿಸಿಟ್ಟ ಸಾಲು ಹಾಗೇ ಉಳಿಯುತ್ತದೆ ಎಂಬುದು ಅವತ್ತೇ ಜಗಜ್ಜಾಹೀರಾಗಿತ್ತು.

ಶಿಕ್ಷಕಿಯ ಮನೆಯ ಪೆಟ್ಟಿಗೆಯನ್ನು ರೀಸೆಟ್ ಮಾಡಬೇಕಾಯಿತು. ಹಿಂಬದಿಯಲ್ಲಿ ಸಾಸಿವೆಕಾಳಿನಷ್ಟು ತೂತು, ಅದರೊಳಗೆ ಗುಂಡಿ. ಅವರು ಬಳೆಯಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಕೊಟ್ಟರು. ಒತ್ತುವ ಮೊದಲು ನಾನು ಕೈ ತಡೆದೆ. ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ರೀಸೆಟ್ ಎಂದರೆ ಪೆಟ್ಟಿಗೆ ಹುಟ್ಟಿದ ದಿನಕ್ಕೆ ಹಿಂತಿರುಗುವುದು. ಕೆಟ್ಟ ಸಾಲೂ ಅಳಿಯುತ್ತದೆ, ಕಂಪನಿಯವರು ನಿಮ್ಮ ಸಂಪರ್ಕಕ್ಕೆಂದು ಬರೆದಿಟ್ಟ ಬಳಕೆದಾರ ಹೆಸರು, ಪಾಸ್‌ವರ್ಡುಗಳೂ ಅಳಿಯುತ್ತವೆ. ಅವು ಕೈಯಲ್ಲಿಲ್ಲದೆ ಗುಂಡಿ ಒತ್ತಿದರೆ, ಅಷ್ಟಿಷ್ಟು ಬರುತ್ತಿದ್ದ ನೆಟ್ಟೂ ಪೂರ್ತಿ ನಿಲ್ಲುತ್ತದೆ. ಆ ಮನೆಯಲ್ಲಿ ಅವನ್ನು ಯಾರೂ ಬರೆದುಕೊಂಡಿರಲಿಲ್ಲ. ಕಂಪನಿಗೆ ಫೋನ್ ಮಾಡಿ, ಅಲ್ಲಿಂದ ಇಲ್ಲಿಗೆ ಇಲ್ಲಿಂದ ಅಲ್ಲಿಗೆ ದಾಟಿಸಿ, ಎರಡು ಗಂಟೆಯಾದ ಮೇಲೆ ಸಿಕ್ಕಿತು. ಹಣ ಕೊಟ್ಟು ಪಡೆದ ಸಂಪರ್ಕದ ಕೀಲಿ ಮನೆಯವರ ಬಳಿ ಇಲ್ಲದಿರುವುದು ತಪ್ಪು. ಸಂಪರ್ಕ ಹಾಕಿಸಿಕೊಂಡ ದಿನವೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಪಿನ್ನಿನಿಂದ ಹದಿನೈದು ಸೆಕೆಂಡು ಒತ್ತಿದೆವು. ದೀಪಗಳೆಲ್ಲ ಆರಿ ಮತ್ತೆ ಹತ್ತಿದವು. ಕಂಪನಿಯ ವಿವರ ತುಂಬಿಸುವ ಮುನ್ನವೇ ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆವು. ಈ ಕ್ರಮಕ್ಕೆ ಕಾರಣವಿದೆ. 2016ರಲ್ಲಿ ಹರಡಿದ ಮಿರಾಯ್ ಎಂಬ ಕುತಂತ್ರಾಂಶ ಪೆಟ್ಟಿಗೆಯ ಮೆಮೊರಿಯಲ್ಲಿ ಮಾತ್ರ ಇರುತ್ತಿತ್ತು, ಆರಿಸಿ ಹಚ್ಚಿದರೆ ಹೋಗುತ್ತಿತ್ತು. ಆದರೆ ಪಾಸ್‌ವರ್ಡ್ ಬದಲಿಸದಿದ್ದರೆ ಕೆಲವೇ ನಿಮಿಷಗಳಲ್ಲಿ ಮತ್ತೆ ಬಂದು ಸೇರುತ್ತಿತ್ತು. ಕಾರ್ಖಾನೆಯವರು ಇಟ್ಟ ಅರವತ್ತರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿಯೊಂದೇ ಅದರ ಆಯುಧ. ಆ ಪಟ್ಟಿಯ ಬಲದಿಂದಲೇ ದಾಳಿಕೋರರು ಲಕ್ಷಾಂತರ ಕ್ಯಾಮೆರಾ, ರೂಟರ್‌ಗಳನ್ನು ಹಿಡಿದು, ಆ ವರ್ಷದ ಅಕ್ಟೋಬರ್ 21ರಂದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳನ್ನೇ ನಿಲ್ಲಿಸಿದರು. ಬಾಗಿಲು ಮುಚ್ಚದೆ ಮನೆ ಗುಡಿಸಿದರೆ ಧೂಳು ಮತ್ತೆ ಬರುತ್ತದೆ. ಆಮೇಲೆ ಹೊರಗಿನಿಂದ ನಿರ್ವಹಿಸುವ ಸೌಲಭ್ಯವನ್ನು ಆಫ್ ಮಾಡಿದೆವು, ತಯಾರಕರ ಹೊಸ ತಂತ್ರಾಂಶ ಹಾಕಿದೆವು. ಕೊನೆಗೆ ಶಿಕ್ಷಕಿಯ ಬ್ಯಾಂಕಿನ, ಇಮೇಲಿನ ಪಾಸ್‌ವರ್ಡುಗಳು. ಇವನ್ನು ಯಾವಾಗಲೂ ಕೊನೆಗೇ ಬದಲಿಸಬೇಕು. ಕಳ್ಳರ ಡೈರೆಕ್ಟರಿ ಇರುವಾಗ ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ಅವರ ಕೈಗೇ ಇಟ್ಟಂತಾಗಬಹುದು.

ಇದಕ್ಕೆ ಪೂರ್ತಿ ತಿರುಗುಮುರುಗಾದ ಪ್ರಸಂಗವೂ ಇದೆ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಹತ್ತಿರ ಲಗ್ನಪತ್ರಿಕೆ ಅಚ್ಚು ಹಾಕುವ ಒಂದು ಸಣ್ಣ ಅಂಗಡಿ. ಅಲ್ಲೂ ವೈರಸ್ ಬಂದಿತ್ತು, ತೆಗೆದಿದ್ದರು. ಅಂಗಡಿಯವರ ಮೊಬೈಲು ಅದೇ ವೈಫೈಯಲ್ಲಿ ಚೆನ್ನಾಗಿ ಓಡುತ್ತಿತ್ತು, ಕಂಪ್ಯೂಟರು ಮಾತ್ರ ಮೊಂಡು ಹಿಡಿದಿತ್ತು. ಅಲ್ಲಿಗೆ ದೋಷ ಕಂಪ್ಯೂಟರಿನದೇ ಎಂದಾಯಿತು. ಕೆಲವು ಕುತಂತ್ರಾಂಶಗಳು ಕಂಪ್ಯೂಟರಿಗೂ ಇಂಟರ್ನೆಟ್ಟಿಗೂ ನಡುವೆ ದಲ್ಲಾಳಿಯ ಹಾಗೆ ಕೂರುತ್ತವೆ. ಎಲ್ಲ ಸಂಚಾರವೂ ತನ್ನ ಮೂಲಕವೇ ಹೋಗಲಿ ಎಂದು ಪ್ರಾಕ್ಸಿ ಎಂಬ ಜಾಗದಲ್ಲಿ 127.0.0.1 ಎಂದು ಬರೆದಿಡುತ್ತವೆ. ಆ ಸಂಖ್ಯೆಯ ಅರ್ಥ "ಈ ಕಂಪ್ಯೂಟರೇ". ಆಂಟಿವೈರಸ್ ದಲ್ಲಾಳಿಯನ್ನು ಓಡಿಸುತ್ತದೆ, ಬರೆದಿಟ್ಟ ವಿಳಾಸವನ್ನು ಅಳಿಸುವುದಿಲ್ಲ. ಬ್ರೌಸರು ಯಾರೂ ಇಲ್ಲದ ಕೌಂಟರಿನ ಮುಂದೆ ನಿಂತು ಕಾಯುತ್ತದೆ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿಯನ್ನು ಆಫ್ ಮಾಡಿದ ಕೂಡಲೇ ಎಲ್ಲ ಪುಟಗಳೂ ತೆರೆದವು. ಅಷ್ಟಕ್ಕೂ ಸರಿಯಾಗದಿದ್ದರೆ, ವಿಂಡೋಸ್‌ನ ಜಾಲದ ಪದರವನ್ನೇ ಹೊಸದು ಮಾಡುವ "ನೆಟ್‌ಶ್ ವಿನ್‌ಸಾಕ್ ರೀಸೆಟ್" ಎಂಬ ಆಜ್ಞೆಯಿದೆ. ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ಕಂಪ್ಯೂಟರನ್ನು ಮತ್ತೆ ಹಚ್ಚಬೇಕು. ಫಾರ್ಮ್ಯಾಟ್ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ. ಬೇರು ಬಿಟ್ಟ ಕುತಂತ್ರಾಂಶಕ್ಕೆ ವಿಂಡೋಸನ್ನು ಹೊಸದಾಗಿ ಹಾಕುವುದೇ ಸುರಕ್ಷಿತ. ಆದರೆ ಅದಕ್ಕೂ ಮೊದಲು ಫೋಟೋ, ಕಾಗದಪತ್ರಗಳ ಪ್ರತಿ ತೆಗೆದಿಡಬೇಕು, ದೋಷ ಇರುವುದು ಆ ಕಂಪ್ಯೂಟರಿನಲ್ಲೇ ಎಂದು ಖಾತ್ರಿಯಾಗಿರಬೇಕು.

ಖಾತ್ರಿ ಮಾಡಿಕೊಳ್ಳುವುದು ಹೇಗೆ? ಲೈನ್‌ಮನ್ ಮಾಡಿದಂತೆಯೇ, ದಾರಿಯನ್ನು ಅರ್ಧರ್ಧ ಮಾಡುತ್ತ ಹೋಗಬೇಕು. ವೈಫೈಯನ್ನು ಬಿಟ್ಟು ಕಂಪ್ಯೂಟರಿಗೆ ಕೇಬಲ್ಲಿನಿಂದಲೇ ಪೆಟ್ಟಿಗೆಯನ್ನು ಜೋಡಿಸಿ. ಆಗ ಕಾಟ ನಿಂತರೆ ದೋಷ ಗಾಳಿಯಲ್ಲಿ: ಗೋಡೆ, ದೂರ, ಪಕ್ಕದ ಮನೆಗಳ ವೈಫೈ. ಇಂದಿರಾನಗರದ ಅಪಾರ್ಟ್‌ಮೆಂಟಿನಲ್ಲಿ ಕೂತು ಪಟ್ಟಿ ನೋಡಿ, ಇಪ್ಪತ್ತು ಮೂವತ್ತು ಹೆಸರು ಬರುತ್ತವೆ. ಅವೆಲ್ಲ ಒಂದೇ ಗಾಳಿಯನ್ನು ಹಂಚಿಕೊಳ್ಳಬೇಕು. ಕಾಟ ನಿಲ್ಲದಿದ್ದರೆ ಅದೇ ಕಪ್ಪು ಕಿಟಕಿಯಲ್ಲಿ ಪಿಂಗ್ ಎಂಬ ಆಜ್ಞೆ ಕೊಡಿ. ಪಿಂಗ್ ಎಂದರೆ ಬಾಗಿಲು ತಟ್ಟಿ "ಇದ್ದೀರಾ?" ಎಂದು ಕೇಳುವುದು. ಮೊದಲು ನಿಮ್ಮ ಪೆಟ್ಟಿಗೆಯ ವಿಳಾಸ, ಸಾಮಾನ್ಯವಾಗಿ 192.168.1.1. ಅದೇ ಓಗೊಡದಿದ್ದರೆ ದೋಷ ಮನೆಯೊಳಗೆ. ಪೆಟ್ಟಿಗೆ ಓಗೊಟ್ಟು 8.8.8.8 ಓಗೊಡದಿದ್ದರೆ ದೋಷ ಸಾಮಾನ್ಯವಾಗಿ ಹೊರಗಿನ ಲೈನಿನದು. ಎರಡೂ ಓಗೊಟ್ಟು ಹೆಸರು ಹಾಕಿದರೆ ಮಾತ್ರ ತೆರೆಯದಿದ್ದರೆ ದೋಷ ಡೈರೆಕ್ಟರಿಯದು. ಐದು ನಿಮಿಷದ ಕೆಲಸ.

ದೀಪಗಳನ್ನೂ ಓದಲು ಕಲಿಯಿರಿ. ಫೈಬರ್ ಪೆಟ್ಟಿಗೆಯಲ್ಲಿ ಲಾಸ್ ಎಂದು ಬರೆದ ದೀಪ ಕೆಂಪಾದರೆ ಬೆಳಕು ಮನೆಗೆ ತಲುಪುತ್ತಿಲ್ಲ ಎಂದರ್ಥ. ಅದಕ್ಕೆ ವೈರಸ್ ಕಾರಣವಲ್ಲ, ರೀಸೆಟ್ ಮದ್ದಲ್ಲ. ನಮ್ಮ ಕಡೆ ಫೈಬರು ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ ತೂಗಾಡುತ್ತ ಹೋಗುತ್ತದೆ. ಶಿವಾಜಿನಗರದ ಓಣಿಗಳಲ್ಲಿ ತಲೆಯೆತ್ತಿದರೆ ಆಕಾಶಕ್ಕಿಂತ ಕೇಬಲ್ಲೇ ಹೆಚ್ಚು ಕಾಣುತ್ತದೆ. ಕೊಂಬೆ ಬಿದ್ದರೆ, ಪಾಲಿಕೆಯವರು ತೂಗುವ ಕೇಬಲ್ ಕತ್ತರಿಸಿದರೆ, ರಸ್ತೆಗೆ ಕಾಂಕ್ರೀಟ್ ಹಾಕಲು ಅಗೆದರೆ ಬೆಳಕು ನಿಲ್ಲುತ್ತದೆ. ಆಗ ಪೆಟ್ಟಿಗೆಯನ್ನು ಮುಟ್ಟದೆ ದೂರು ಕೊಡಿ, "ಲಾಸ್ ದೀಪ ಕೆಂಪಾಗಿದೆ" ಎಂದೇ ಹೇಳಿ. "ವೈಫೈ ಹೋಯ್ತು" ಎಂಬ ಒಂದೇ ಮಾತಿನಲ್ಲಿ ಎಲ್ಲ ದೋಷವನ್ನೂ ಹೇಳುವ ಅಭ್ಯಾಸ ನಮಗಿದೆ. ಕಡಿದದ್ದು ಬೆಳಕೋ, ಸತ್ತದ್ದು ಪೆಟ್ಟಿಗೆಯೋ, ಕೆಟ್ಟದ್ದು ಡೈರೆಕ್ಟರಿಯೋ ಎಂದು ಬಿಡಿಸಿ ಹೇಳಿದವರ ಮನೆಗೆ ಸರಿಯಾದ ಸಾಮಾನು ಹಿಡಿದು ಜನ ಬರುತ್ತಾರೆ. ಇದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಶಿಕ್ಷಕಿಯ ಮನೆಯ ಕಥೆ ಇನ್ನೂ ಮುಗಿದಿಲ್ಲ. ಜಾಹೀರಾತು ನಿಂತಿತು, ಮೊಬೈಲು ಸರಿಯಾಯಿತು. ಆದರೆ ಶನಿವಾರದ ಪಾಠ ಮತ್ತೆ ಕಡಿಯಿತು. "ವೈರಸ್ ಇನ್ನೂ ಇದೆ ಸಾರ್" ಎಂದರು, ದನಿಯಲ್ಲಿ ಸೋಲಿತ್ತು. ನಾನು ಒಂದು ಕೆಲಸ ಹೇಳಿದೆ: ಮಕ್ಕಳ ಕಾಪಿ ಪುಸ್ತಕವೊಂದರಲ್ಲಿ, ನೆಟ್ ಹೋದ ಪ್ರತಿ ಸಲ, ದಿನ, ಗಂಟೆ, ನಿಮಿಷ, ಆಗ ಯಾವ ದೀಪ ಉರಿಯುತ್ತಿತ್ತು ಎಂಬುದನ್ನು ಬರೆಯಿರಿ. ಮೂವತ್ತು ವರ್ಷ ಹಾಜರಿ ಪುಸ್ತಕ ಬರೆದ ಕೈ ಅದು. ಎರಡು ವಾರದಲ್ಲಿ ಪುಟ ತುಂಬಿತು. ನೋಡಿದರೆ ಹೆಚ್ಚುಕಡಿಮೆ ಎಲ್ಲ ಸಾಲುಗಳೂ ಬೆಳಿಗ್ಗೆ ಆರೂಮುಕ್ಕಾಲರಿಂದ ಏಳೂಕಾಲರ ಒಳಗೆ, ದಿನ ಬಿಟ್ಟು ದಿನ, ಪ್ರತಿ ಸಲವೂ "ಎಲ್ಲ ದೀಪ ಆರಿ ಹತ್ತಿತು". ದಿನ ಬಿಟ್ಟು ದಿನ ಅವರ ಬೀದಿಗೆ ಕಾವೇರಿ ನೀರು ಬರುತ್ತದೆ. ನೀರು ಬಂದ ಬೆಳಿಗ್ಗೆ ಸಂಪಿನಿಂದ ಟ್ಯಾಂಕಿಗೆ ಏರಿಸುವ ಮೋಟಾರು ಹಾಕುತ್ತಾರೆ. ಪೆಟ್ಟಿಗೆಗೆ ಕರೆಂಟು ಬರುತ್ತಿದ್ದದ್ದು ಮೋಟಾರಿನ ಲೈನಿನಿಂದಲೇ. ಮೋಟಾರು ಶುರುವಾಗುವ ಕ್ಷಣ ವೋಲ್ಟೇಜು ಕುಸಿದು ಪೆಟ್ಟಿಗೆ ಸತ್ತು ಹುಟ್ಟುತ್ತಿತ್ತು. ಪೆಟ್ಟಿಗೆಯನ್ನು ಬೇರೆ ಪ್ಲಗ್ಗಿಗೆ ಹಾಕಿ, ಒಂದು ಪುಟ್ಟ ಯುಪಿಎಸ್ ಕೊಟ್ಟೆವು. ಮುಂದಿನ ಶನಿವಾರ ಎಂಟು ಮಕ್ಕಳೂ ಒಂದು ಗಂಟೆ ಪೂರ್ತಿ ಒತ್ತಕ್ಷರ ಬರೆದರು.

ಒಮ್ಮೆ ವೈರಸ್ ಬಂದ ಮನೆಯಲ್ಲಿ ಆಮೇಲಿನ ಪ್ರತಿ ತೊಂದರೆಗೂ ವೈರಸ್ಸೇ ಕಾರಣವೆಂದು ಕಾಣತೊಡಗುತ್ತದೆ. ಆ ಭಯಕ್ಕೆ ಕಾಪಿ ಪುಸ್ತಕಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ.

ಇನ್ನು ಹೊಣೆಯ ಮಾತು. ಮನೆಯವರು ಪಾಸ್‌ವರ್ಡ್ ಬದಲಿಸಲಿಲ್ಲ ಎಂದು ಅವರನ್ನೇ ದೂರುವುದು ನನಗೆ ಒಪ್ಪಿಗೆಯಿಲ್ಲ. ಬದಲಿಸಬೇಕೆಂದು ಅವರಿಗೆ ಯಾರು ಹೇಳಿದ್ದರು, ಯಾವ ಭಾಷೆಯಲ್ಲಿ ಹೇಳಿದ್ದರು? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2020ರ ಜನವರಿಯಿಂದ, ಬ್ರಿಟನ್ 2024ರ ಏಪ್ರಿಲ್ 29ರಿಂದ, ಎಲ್ಲ ಪೆಟ್ಟಿಗೆಗಳಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರುವುದನ್ನು ಕಾನೂನಿನಿಂದಲೇ ತಡೆದಿವೆ. ಸೇವೆ ಕೊಡುವ ಕಂಪನಿಗಳು ಪ್ರತಿ ಪೆಟ್ಟಿಗೆಗೂ ಬೇರೆ ಪಾಸ್‌ವರ್ಡ್ ಇಟ್ಟು, ಅದನ್ನು ಬದಲಿಸುವ ವಿಧಾನವನ್ನು ಕನ್ನಡದಲ್ಲಿ ಅಚ್ಚು ಮಾಡಿ ಕೈಗೆ ಕೊಡಬೇಕು. ಕರ್ನಾಟಕದಲ್ಲಿ ದುಡಿಯುವ ಕಂಪನಿಯಿಂದ ಇದನ್ನು ಕೇಳುವುದು ನಮ್ಮ ಹಕ್ಕು. 2001ರಲ್ಲೇ ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದ ಊರು ನಮ್ಮದು, ಈ ಮಾತು ಇಲ್ಲಿಂದಲೇ ಹೊರಡಲಿ. ಕೇಂದ್ರ ಸರ್ಕಾರ 2017ರ ಫೆಬ್ರವರಿಯಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ಕುತಂತ್ರಾಂಶ ತೆಗೆಯುವ ಸಲಕರಣೆಗಳು ಉಚಿತವಾಗಿ ಸಿಗುತ್ತವೆ, ಬಳಸಿಕೊಳ್ಳಿ. ಕಳ್ಳ ಡೈರೆಕ್ಟರಿಯ ದೆಸೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇವತ್ತು ರಾತ್ರಿ ಮನೆಗೆ ಹೋದ ಮೇಲೆ, ಊಟಕ್ಕೆ ಮೊದಲು, ಆ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ. ಕೆಳಗಿನ ಚೀಟಿಯಲ್ಲಿ ವಿಳಾಸ, ಹೆಸರು, ಪಾಸ್‌ವರ್ಡ್ ಇರುತ್ತವೆ. ಆಡಳಿತದ ಪುಟ ತೆರೆದು ಪಾಸ್‌ವರ್ಡ್ ಬದಲಿಸಿ. ಹೊಸದನ್ನೂ ಕಂಪನಿ ಕೊಟ್ಟ ಬಳಕೆದಾರ ಹೆಸರನ್ನೂ ಕಾಗದದಲ್ಲಿ ಬರೆದು ಗ್ಯಾಸ್ ಪುಸ್ತಕದ ಜೊತೆ ಇಡಿ. ಈ ಸಭೆಗೆ ಬಂದಿರುವ ಕಾಲೇಜು ಮಕ್ಕಳು ಪಕ್ಕದ ಮನೆಯ ಅಜ್ಜ ಅಜ್ಜಿಯರಿಗೂ ಇದನ್ನು ಮಾಡಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.